ಪ್ರತಿಭೆಯೂ ಅಭ್ಯಾಸವೂ

(ಹೊನ್ನೆಮರಡಿನಲ್ಲಿ ನೆರೆದ ಶಿಷ್ಯವರ್ಗದವರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಧರ್ಮತತ್ತ್ವವನ್ನು ಕುರಿತು ಹೇಳಲು ಅಧಿಕಾರವುಳ್ಳವರು ಈ ವೇದಿಕೆಯ ಮೇಲೆಯೇ ಬಿಜಯಮಾಡಿಸಿರುವುದರಿಂದ ನಾನು ಆ ಗೋಜಿಗೆ ಹೋಗುವುದಿಲ್ಲ. ಕಲಿಕೆ, ರೂಢಿ, ಪ್ರತಿಭೆ, ಸಂತೋಷ ಎಂಬ ನಾಲ್ಕು ವಿಷಯಗಳಲ್ಲಿ ಮನಶ್ಶಾಸ್ತ್ರಜ್ಞರು ಪ್ರಯೋಗಪೂರ್ವಕವಾಗಿ ಕಂಡುಕೊಂಡಿರುವ ಕೆಲವು ಕುತೂಹಲದ ಸಂಗತಿಗಳನ್ನು ನಿಮ್ಮ ಮುಂದಿರಿಸುವುದಷ್ಟೇ ನನ್ನ ಉದ್ದೇಶ. ಕುತೂಹಲವೆಂದೆನಾದರೂ ವಿಷಯವು ವಿನೋದದ್ದಲ್ಲ. ನಮ್ಮ ಮನೆಮನೆಗಳಲ್ಲಿಯೂ ಎಳೆಯ ಮಕ್ಕಳ ಮೇಲೆ ದಿನವೂ ತೀರ್ಪುಗಳು ಹೊರಡುತ್ತಿವೆ. "ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ", "ಇವಳ ಗಂಟಲಿಗೆ ಹಾಡು ಒಲಿಯುವುದಿಲ್ಲ", "ಇವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ" ಎಂಬ ಮಾತುಗಳನ್ನು ಕೇಳದವರು ಯಾರು? ಕಳವು ಮಾಡಿದವನನ್ನು ಸಹ ನ್ಯಾಯಾಧೀಶರು ಸಾಕ್ಷಿಗಳನ್ನು ವಿಚಾರಿಸದೆ ಶಿಕ್ಷಿಸುವುದಿಲ್ಲ. ಆದರೆ ಏಳು ವರ್ಷದ ಕೂಸಿನ ಮೇಲೆ ನಾವು ಕೊಡುವ ತೀರ್ಪಿಗೆ ಸಾಕ್ಷಿಯೂ ಇಲ್ಲ, ವಿಚಾರಣೆಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಆ ಕೂಸು ಆಯುಷ್ಯಪರ್ಯಂತ ಆ ಮಾತನ್ನು ಹೊತ್ತುಕೊಂಡು ತಿರುಗುತ್ತದೆ. ಆದಕಾರಣ ಈ ಹೊತ್ತು ಸಾಕ್ಷಿಗಳನ್ನು ಕರೆಸಿ ವಿಚಾರಿಸೋಣ.

ನಮ್ಮ ಗಾದೆಗಳೇ ಈ ವಿಷಯದಲ್ಲಿ ಎರಡು ಪಕ್ಷವಾಗಿ ನಿಂತಿವೆ. "ಹುಟ್ಟುಗುಣ ಸುಟ್ಟರೂ ಹೋಗದು" ಎಂದು ಒಂದು ಗಾದೆ ಹೇಳಿದರೆ, "ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ" ಎಂದು ಮತ್ತೊಂದು ಉತ್ತರ ಕೊಡುತ್ತದೆ. ಮೊದಲನೆಯದು ಎಲ್ಲವನ್ನೂ ಹುಟ್ಟಿಗೆ ಕಟ್ಟುತ್ತದೆ. ಎರಡನೆಯದು ಎಲ್ಲವನ್ನೂ ಬಳಕೆಗೆ ಬಿಡುತ್ತದೆ. ಇವೆರಡರಲ್ಲಿ ಯಾವುದು ಎಷ್ಟರಮಟ್ಟಿಗೆ ನಿಜ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಈ ಊರಿನ ನೀರನ್ನೇ ನೋಡೋಣ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ ಶರಾವತಿಯ ಹಿನ್ನೀರು ಹರಡಿದ ಮೇಲೆ, ಗುಡ್ಡದ ಮಗ್ಗುಲಾಗಿದ್ದ ನೆಲವು ನೀರಿನ ದಂಡೆಯಾಯಿತು. ಇಂದು ಹೊನ್ನೆಮರಡಿಗೆ ದೂರದ ಪಟ್ಟಣಗಳಿಂದ ತರುಣರು ಬಂದು ಈಜುವುದನ್ನೂ ಹರಿಗೋಲು, ಸಣ್ಣ ದೋಣಿಗಳನ್ನು ನಡೆಸುವುದನ್ನೂ ಕಲಿಯುತ್ತಾರೆ. ಈಜಿನ ವಿಷಯವಾಗಿ ದೊಡ್ಡ ಗ್ರಂಥವನ್ನೇ ಕಂಠಪಾಠ ಮಾಡಿದವನನ್ನು ನೀರಿಗೆ ಇಳಿಸಿದರೆ ಅವನು ಮುಳುಗುತ್ತಾನೆ. ಹೊಸಬನು ಮೊದಲ ದಿನ ಮೈ ಬಿಗಿಹಿಡಿಯುತ್ತಾನೆ, ತಲೆಯನ್ನು ಮೇಲಕ್ಕೆತ್ತಲು ಹೆಣಗುತ್ತಾನೆ, ಉಸಿರು ತಪ್ಪುತ್ತಾನೆ. ಕೆಲವು ದಿವಸಗಳ ಮೇಲೆ ಅದೇ ಮೈ ತಾನಾಗಿ ಸಡಿಲುತ್ತದೆ. ಕೈಕಾಲುಗಳು ಯಾರ ಅಪ್ಪಣೆಯನ್ನೂ ಕಾಯದೆ ತಮ್ಮ ಕೆಲಸವನ್ನು ತಾವು ಮಾಡುತ್ತವೆ. "ಹೇಗೆ ಕಲಿತೆಯಪ್ಪಾ?" ಎಂದು ಕೇಳಿದರೆ ಅವನಿಗೆ ಹೇಳಲು ಬಾರದು. ಅವನ ದೇಹಕ್ಕೆ ತಿಳಿದಿರುವುದು ಅವನ ನಾಲಗೆಗೆ ತಿಳಿಯದು.

ಇದು ಮಾತಿನ ಚಮತ್ಕಾರವಲ್ಲ, ಪರೀಕ್ಷಿತವಾದ ಸತ್ಯ. ಅಮೆರಿಕಾ ದೇಶದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗವು ವಿಪರೀತವಾಗಿದ್ದುದರಿಂದ 1953ರಲ್ಲಿ ವೈದ್ಯರು ಅವನ ಮಿದುಳಿನ ಎರಡು ಪಕ್ಕಗಳಿಂದಲೂ ಒಂದು ಭಾಗವನ್ನು ತೆಗೆದುಹಾಕಿದರು. ಮೂರ್ಛೆಯೇನೋ ತಗ್ಗಿತು, ಆದರೆ ಹೊಸ ಸಂಗತಿಯೊಂದನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಶಕ್ತಿಯೇ ಅವನಿಗೆ ಹೊರಟುಹೋಯಿತು. ಈಗ ಮಾತನಾಡಿಸಿ ಹೋದವರು ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದರೆ ಅವನಿಗೆ ಅವರು ಹೊಸಬರೇ. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನಿಗೆ ಒಂದು ಕೆಲಸವನ್ನು ಕೊಟ್ಟಳು. ಕಾಗದದ ಮೇಲೆ ಬರೆದ ನಕ್ಷತ್ರದ ಆಕಾರವನ್ನು ನೇರವಾಗಿ ನೋಡದೆ, ಕನ್ನಡಿಯೊಳಗಿನ ಪ್ರತಿಬಿಂಬವನ್ನು ಮಾತ್ರ ನೋಡುತ್ತ, ಅದರ ಅಂಚಿನ ಗುಂಟ ಗೆರೆ ಎಳೆಯಬೇಕು. ಕೈ ಒಂದು ಕಡೆಗೆ ಹೊರಟರೆ ಕನ್ನಡಿಯಲ್ಲಿ ಅದು ಬೇರೆ ಕಡೆಗೆ ಕಾಣುವುದರಿಂದ ಯಾರಿಗಾದರೂ ಮೊದಲಿಗೆ ಗೆರೆ ತಪ್ಪುತ್ತದೆ. ಮೂರು ದಿನಗಳ ಅಭ್ಯಾಸದಲ್ಲಿ ಹೆನ್ರಿಯ ಗೆರೆ ದಿನದಿಂದ ದಿನಕ್ಕೆ ನೇರ್ಪಟ್ಟಿತು. ಆಶ್ಚರ್ಯವೇನೆಂದರೆ, ಹಿಂದೆ ಆ ಕೆಲಸವನ್ನು ತಾನು ಮಾಡಿದ್ದೆನೆಂಬುದೇ ಅವನಿಗೆ ನೆನಪಿರಲಿಲ್ಲ. ಕಲಿತವನಿಗೆ ತಾನು ಕಲಿತಿದ್ದೇನೆಂಬ ಅರಿವಿಲ್ಲ; ಕೈ ಮಾತ್ರ ಕಲಿತಿದೆ! ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಸಂಗತಿಗಳನ್ನು ಕೂಡಿಡುವ ಕಣಜ ಬೇರೆ, ಕೌಶಲಗಳನ್ನು ಕೂಡಿಡುವ ಕಣಜ ಬೇರೆ. ಆದಮೇಲೆ ಶಾಲೆಯಲ್ಲಿ ಪಾಠ ಒಪ್ಪಿಸಲಾರದ ಹುಡುಗನು ಉಳಿಯನ್ನೋ ದೋಣಿಯ ಹುಟ್ಟನ್ನೋ ತಾಳವನ್ನೋ ಬಹು ಚೆನ್ನಾಗಿ ಹಿಡಿಯಬಹುದು. ಒಂದು ಕಣಜವನ್ನು ಮಾತ್ರ ಇಣಿಕಿ ನೋಡಿ ಮನೆಯಲ್ಲಿ ಕಾಳಿಲ್ಲವೆಂದು ಸಾರಬಾರದು.

ಮಿದುಳು ಕಲ್ಲಿನಲ್ಲಿ ಕಡೆದಿಟ್ಟ ವಿಗ್ರಹದಂತೆ ಮಾರ್ಪಡದ ವಸ್ತುವೂ ಅಲ್ಲ. ಲಂಡನ್ ನಗರದ ಬಾಡಿಗೆ ಕಾರುಗಳ ಚಾಲಕರು ಪರವಾನಗಿಯನ್ನು ಪಡೆಯಬೇಕಾದರೆ ಆ ಮಹಾನಗರದ ಸಾವಿರಾರು ಬೀದಿಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿ ಕಠಿನ ಪರೀಕ್ಷೆಯಲ್ಲಿ ಗೆಲ್ಲಬೇಕು. ಎಲಿನಾರ್ ಮಗ್ವಾಯರ್ ಎಂಬ ವಿದುಷಿಯೂ ಅವಳ ಸಂಗಡಿಗರೂ ಇಂತಹ ಅಭ್ಯರ್ಥಿಗಳ ಮಿದುಳನ್ನು ಕಲಿಕೆಗೆ ಮೊದಲೊಮ್ಮೆ, ಕಲಿಕೆಯ ತರುವಾಯ ಮತ್ತೊಮ್ಮೆ ಯಂತ್ರದಿಂದ ಚಿತ್ರಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಪರಿಶೋಧನೆಯ ಫಲವಿದು: ಮೊದಲಿಗೆ ಎಲ್ಲರ ಮಿದುಳೂ ಒಂದೇ ತೆರನಾಗಿತ್ತು, ಕಲಿತು ಗೆದ್ದವರಲ್ಲಿ ಮಾತ್ರ, ದಾರಿಗಳ ನೆನಪಿಗೆ ಸಂಬಂಧಿಸಿದ ಭಾಗವು ಹಿಗ್ಗಿತ್ತು. ಇವರು ಎಳೆಯ ಮಕ್ಕಳಲ್ಲ, ಪ್ರಾಯಸ್ಥರು ಎಂಬುದನ್ನು ಮರೆಯಬೇಡಿ.

ಹಾಗಾದರೆ ಹೇಗೆ ಕಲಿಯಬೇಕು? ಈ ಪ್ರಶ್ನೆಯನ್ನು ಅಳತೆಗೆ ಒಳಪಡಿಸಿದವರಲ್ಲಿ ಮೊದಲಿಗನು ಜರ್ಮನಿ ದೇಶದ ಹರ್ಮನ್ ಎಬಿಂಗ್‌ಹೌಸ್. ಅವನು ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ಕಟ್ಟಿ, ತಾನೇ ಗುರುವೂ ತಾನೇ ಶಿಷ್ಯನೂ ಆಗಿ ಅವುಗಳನ್ನು ಬಾಯಿಪಾಠಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುವುದೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದನು. ಒಂದು ಗಂಟೆಯೊಳಗೇ ಕಲಿತುದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತಿತ್ತು. ಒಂದು ದಿನ ಕಳೆದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತಿತ್ತು. ಒಂದು ತಿಂಗಳಾದರೂ ಐದರಲ್ಲಿ ಒಂದು ಪಾಲು ನಿಂತಿರುತ್ತಿತ್ತು. ಮರೆವು ಮೊದಲಿಗೆ ಓಡುತ್ತದೆ, ಆಮೇಲೆ ಕುಂಟುತ್ತದೆ. ಅವನು ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಪ್ರಯೋಜನದ್ದು. ಒಂದೇ ದಿನದಲ್ಲಿ 68 ಸಲ ಉರುಹಚ್ಚಿದುದರಿಂದ ಬಂದ ಫಲವು, ಮೂರು ದಿನಗಳ ಮೇಲೆ ಹಂಚಿ 38 ಸಲ ಉರುಹಚ್ಚಿದುದರಿಂದಲೇ ದೊರೆಯಿತು. ಭತ್ತದ ಗದ್ದೆಗೆ ತಿಂಗಳ ನೀರನ್ನೆಲ್ಲ ಒಂದೇ ದಿನ ಹಾಯಿಸುವ ರೈತನುಂಟೇ? ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ದೀಪದ ಮುಂದೆ ಕೂರಿಸಿ ನಾವು ಮಾಡುವ ಬೇಸಾಯ ಇಂತಹುದೇ.

ನಮ್ಮ ಹಿಂದಿನ ಐಗಳ ಮಠಗಳನ್ನು ಹಳೆಯ ಕಾಲದವೆಂದು ನಗುವ ವಾಡಿಕೆಯುಂಟು. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದರು. ಸಂಜೆ ಮಗ್ಗಿಯನ್ನು ಒಪ್ಪಿಸುತ್ತಿದ್ದರು. ಪುಸ್ತಕವನ್ನು ಮುಚ್ಚಿ ಗುರುವಿನ ಮುಂದೆ ನಿಂತು ನೆನಪಿನಿಂದ ಹೇಳುವುದಕ್ಕೆ 'ಒಪ್ಪಿಸುವುದು' ಎಂಬುದು ಎಷ್ಟು ಅಂದವಾದ ಮಾತು! 2006ರಲ್ಲಿ ಅಮೆರಿಕಾ ದೇಶದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಪಂಡಿತರು ಈ ಒಪ್ಪಿಸುವಿಕೆಯನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಒಂದು ಭಾಗವನ್ನು ಎರಡು ಸಲ ಓದಿಸಿದರು. ಮತ್ತೊಂದನ್ನು ಒಂದು ಸಲ ಓದಿಸಿ, ಎರಡನೆಯ ಸಲ ನೋಡದೆ ಬರೆಯಿಸಿದರು. ಐದು ನಿಮಿಷ ಕಳೆದು ವಿಚಾರಿಸಿದಾಗ ಎರಡು ಸಲ ಓದಿದುದೇ ಮೇಲಾಗಿತ್ತು: ನೂರಕ್ಕೆ 81, ನೋಡದೆ ಬರೆದುದಕ್ಕೆ 75. ಆದರೆ ಒಂದು ವಾರ ಕಳೆದು ವಿಚಾರಿಸಿದಾಗ ತಕ್ಕಡಿ ತಿರುಗಿತ್ತು. ಎರಡು ಸಲ ಓದಿದುದರಲ್ಲಿ ನೂರಕ್ಕೆ 42 ಉಳಿದಿದ್ದರೆ, ನೆನಪಿನಿಂದ ಬರೆದುದರಲ್ಲಿ 56 ಉಳಿದಿತ್ತು. ಮತ್ತೆ ಮತ್ತೆ ಓದುವುದರಿಂದ ತಿಳಿಯಿತೆಂಬ ಭ್ರಮೆ ಹುಟ್ಟುತ್ತದೆ. ಒಪ್ಪಿಸುವುದರಿಂದ ತಿಳಿದಿದೆಯೇ ಇಲ್ಲವೇ ಎಂಬುದು ಬಯಲಾಗುತ್ತದೆ, ಉಳಿಯುವುದೂ ಹೆಚ್ಚುತ್ತದೆ. ಅರ್ಥವರಿಯದೆ ಒಪ್ಪಿಸುವುದು ಗಿಳಿಪಾಠವೆಂಬುದು ದಿಟ. ಆದರೆ ಅರ್ಥವರಿತು ಒಪ್ಪಿಸುವ ಪದ್ಧತಿಯನ್ನು ಕೈಬಿಟ್ಟುದರಿಂದ ನಮಗೆ ಲಾಭವೇನೂ ಆಗಿಲ್ಲ. ಇಂದಿನ ರಾತ್ರಿಯೇ ಮಗನನ್ನು ಕರೆದು, "ಪುಸ್ತಕ ಮುಚ್ಚಿಡು, ಈ ಹೊತ್ತು ಏನು ಕಲಿತೆ, ನನಗೆ ಹೇಳು" ಎಂದು ಕೇಳಿರಿ. ಅಕ್ಷರ ಬಾರದ ತಾಯಿಯೂ ಈ ಮೇಷ್ಟರ ಕೆಲಸವನ್ನು ಮಾಡಬಲ್ಲಳು.

ಕಲಿತುದು ಕೈಗೂಡಬೇಕಾದರೆ ಅದು ರೂಢಿಯಾಗಬೇಕು. ರೂಢಿ ಎಂದರೆ ಯೋಚನೆಯ ಹಂಗಿಲ್ಲದೆ ನಡೆಯುವ ಕೆಲಸ. ಗಂಟೆಯ ಸದ್ದು ಕೇಳಿದೊಡನೆ ಭಕ್ತನ ಕೈ ತಾನಾಗಿ ಮುಗಿಯುತ್ತದೆ. ಮಿಂದು ಬಂದೊಡನೆ ಬೆರಳು ವಿಭೂತಿಯ ಗಟ್ಟಿಯನ್ನು ಹುಡುಕುತ್ತದೆ. ಒಂದು ನಿಶ್ಚಿತವಾದ ಹೊತ್ತು, ಒಂದು ನಿಶ್ಚಿತವಾದ ಎಡೆ, ಒಂದು ನಿಶ್ಚಿತವಾದ ಸೂಚನೆ, ಇವು ಮೂರು ಕೂಡಿದರೆ ರೂಢಿ ಬೇರೂರುತ್ತದೆ. ಎಷ್ಟು ದಿನಗಳಲ್ಲಿ? 21 ದಿನಗಳೆಂಬ ಮಾತು ಜಗತ್ತಿನಲ್ಲೆಲ್ಲ ಹಬ್ಬಿದೆ. ಇದರ ಮೂಲವನ್ನು ಹುಡುಕಿದವರು, ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕಾದ ಶಸ್ತ್ರವೈದ್ಯನು 1960ರಲ್ಲಿ ಬರೆದ ಪುಸ್ತಕವೊಂದನ್ನು ತೋರಿಸುತ್ತಾರೆ. ಮುಖಕ್ಕೆ ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖವು ಒಗ್ಗಲು ಕಡಮೆಯೆಂದರೆ 21 ದಿನಗಳಾದರೂ ಬೇಕೆಂದು ಅವನು ಹೇಳಿದ್ದನು. ಕೇಳಿದವರು 'ಕಡಮೆಯೆಂದರೆ' ಎಂಬ ಮಾತನ್ನು ಬಿಟ್ಟು ಉಳಿದುದನ್ನು ಹಿಡಿದರು. 2010ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು ಪರೀಕ್ಷಿಸಿ ಪ್ರಕಟಿಸಿದ ಫಲವು ಬೇರೆಯಾಗಿದೆ. ಊಟದ ಸಂಗಡ ಹಣ್ಣು ತಿನ್ನುವುದು, ನೀರು ಕುಡಿಯುವುದು, ನಡೆದಾಡುವುದು ಮೊದಲಾದ ಸಣ್ಣ ಸಣ್ಣ ವ್ರತಗಳನ್ನು ಇವರು ಹಿಡಿದಿದ್ದರು. ರೂಢಿ ನೆಲೆಗೊಳ್ಳಲು ನಡುವಣ ಲೆಕ್ಕದಲ್ಲಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನಗಳೇ ಸಾಕಾದವು. ಕೆಲವರಿಗೆ 254 ದಿನಗಳು ಬೇಕಾದಾವೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದುದರಿಂದ ಹೆಚ್ಚಿನ ಹಾನಿಯೇನೂ ಆಗಲಿಲ್ಲ. ಒಂದು ದಿನ ತಪ್ಪಿತೆಂದು ವ್ರತವನ್ನೇ ಬಿಟ್ಟುಬಿಡುವವರು ಈ ಮಾತನ್ನು ಗಮನಿಸಬೇಕು. ಪಕ್ಕದ ಮನೆಯ ಹುಡುಗನಿಗೆ ಮೂರು ವಾರದಲ್ಲಿ ಬಂದುದು ನಮ್ಮ ಹುಡುಗನಿಗೆ ಮೂರು ತಿಂಗಳಾದರೂ ಬರಲಿಲ್ಲವೆಂದು ಕೂಗಾಡುವ ತಂದೆಯೂ ಗಮನಿಸಬೇಕು.

ಇನ್ನು ಪ್ರತಿಭೆಯ ವಿಷಯ. ಇಲ್ಲಿ 'ಹುಟ್ಟುಗುಣ'ದ ಪಕ್ಷದವರು ತಮ್ಮ ಅತಿ ಬಲವಾದ ಸಾಕ್ಷಿಯನ್ನು ಕರೆಯುತ್ತಾರೆ. 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು ಕ್ರಮವಾದ ಶಾಲಾಶಿಕ್ಷಣವಿಲ್ಲದೆಯೇ ಗಣಿತದ ಅದ್ಭುತವೆಂದು ಲೋಕವಿಖ್ಯಾತರಾದವರು. 1980ರ ಜೂನ್ ತಿಂಗಳಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕೆಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರವಿತ್ತರು. ಇಂತಹವರ ಮಿದುಳು ಎಲ್ಲ ಕೆಲಸದಲ್ಲಿಯೂ ಮಿಂಚಿನಂತೆ ಓಡಬೇಕಷ್ಟೆ ಎಂದು ನಾವು ಊಹಿಸುತ್ತೇವೆ. ಕ್ಯಾಲಿಫೋರ್ನಿಯಾದ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞನು 1988ರಲ್ಲಿ ಅವರನ್ನು ಪರೀಕ್ಷಿಸಿದನು. ದೀಪ ಹೊತ್ತಿದೊಡನೆ ಗುಂಡಿಯನ್ನು ಒತ್ತುವುದೇ ಮೊದಲಾದ ಸಾಮಾನ್ಯ ಚುರುಕಿನ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವಾಗಿರಲಿಲ್ಲ. ಅದ್ಭುತವು ಸಂಖ್ಯೆಗಳ ಸಂಗಡ ಮಾತ್ರವೇ ಇತ್ತು. ಎಳವೆಯಿಂದಲೂ ಸಂಖ್ಯೆಗಳೊಡನೆ ಒಡನಾಡಿದ ಜೀವ ಅದು. ಹುಟ್ಟಿನಿಂದ ಬಂದ ಒಲವೇನೋ ಇದ್ದಿರಬೇಕು. ಆದರೆ ಆ ಒಲವು ದಿನದಿನದ ಒಡನಾಟದಿಂದ ಬೆಳೆಯಿತು.

ಹುಟ್ಟಿನ ವರವಿಲ್ಲದೆ ಬಳಕೆಯೊಂದೇ ಎಷ್ಟು ದೂರ ಒಯ್ಯಬಲ್ಲುದು? ಅಮೆರಿಕಾದ ಪಿಟ್ಸ್‌ಬರ್ಗಿನಲ್ಲಿ ಸಾಮಾನ್ಯ ಬುದ್ಧಿಯ ಒಬ್ಬ ವಿದ್ಯಾರ್ಥಿಯನ್ನು ಆರಿಸಿ, ಒಂದರ ಹಿಂದೊಂದರಂತೆ ಅಂಕೆಗಳನ್ನು ಓದಿ ಹೇಳಿ, ಅದೇ ಕ್ರಮದಲ್ಲಿ ತಿರುಗಿ ಹೇಳಿಸಿದರು. ನಮ್ಮ ನಿಮ್ಮಂತೆಯೇ ಅವನಿಗೂ ಮೊದಲಿಗೆ ಏಳು ಅಂಕೆಗಳು ನಿಂತವು. ಸುಮಾರು ಇಪ್ಪತ್ತು ತಿಂಗಳ ಅವಧಿಯಲ್ಲಿ 230 ಗಂಟೆಗಳಿಗೂ ಮೇಲ್ಪಟ್ಟು ಅಭ್ಯಾಸ ನಡೆದ ಮೇಲೆ ಅವನು 79 ಅಂಕೆಗಳನ್ನು ತಪ್ಪಿಲ್ಲದೆ ಹೇಳಿದನು. ಅವನು ಓಟದ ಪಂದ್ಯಗಳಲ್ಲಿ ಆಸಕ್ತನಾದುದರಿಂದ, ಅಂಕೆಗಳನ್ನು ಗುಂಪುಮಾಡಿ, ಅವುಗಳನ್ನು ಓಟದ ಹೊತ್ತುಗಳೆಂದು ಭಾವಿಸಿ ನೆನಪಿನ ಗೂಡಿನಲ್ಲಿ ಇಡುತ್ತಿದ್ದನು. ಆದರೆ ಅಂಕೆಗಳಿಗೆ ಬದಲಾಗಿ ಅಕ್ಷರಗಳನ್ನು ಕೊಟ್ಟೊಡನೆ ಅವನ ಶಕ್ತಿ ಮರಳಿ ಆರಕ್ಕೆ ಇಳಿಯಿತು! 1980ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಎರಡು ಪಾಠಗಳುಂಟು. ಕ್ರಮವಾದ ಅಭ್ಯಾಸದಿಂದ ಸಾಮಾನ್ಯನೂ ಅಸಾಮಾನ್ಯನಾಗಬಲ್ಲನು. ಮತ್ತು ಒಂದು ಹೊಲಕ್ಕೆ ಹಾಕಿದ ಗೊಬ್ಬರ ಇನ್ನೊಂದು ಹೊಲಕ್ಕೆ ತಾನಾಗಿ ಹೋಗದು.

ನಮ್ಮ ಸೀಮೆಯಲ್ಲಿಯೂ ವಿದ್ಯೆಯ ಮನೆಗಳಿವೆ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ, ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಿಂದ ಗೋಡೆಯ ಮೇಲೆ ಬರೆಯುವ ಚಿತ್ತಾರ, ಇವು ದೇಶವೇ ಮೆಚ್ಚಿದ ಕಲೆಗಳು. ಇವು ತಲೆತಲಾಂತರವಾಗಿ ಅದೇ ಮನೆಗಳಲ್ಲಿ ಉಳಿದುಬಂದುದನ್ನು ಕಂಡು "ಇದು ರಕ್ತದಲ್ಲಿಯೇ ಇದೆ" ಎನ್ನುವುದುಂಟು. ಆದರೆ ಆ ಮನೆಯ ಮಗುವಿಗೆ ರಕ್ತದೊಡನೆ ಇನ್ನೊಂದು ಆಸ್ತಿಯೂ ಬಂದಿರುತ್ತದೆ: ಅಪ್ಪನ ಉಳಿಯ ಪಕ್ಕದಲ್ಲಿ, ಅಜ್ಜಿಯ ಕುಂಚದ ಪಕ್ಕದಲ್ಲಿ ಕೂರುವ ಜಾಗ. ಗುಣವು ರಕ್ತದಿಂದ ಬಂತೋ ಆ ಜಾಗದಿಂದ ಬಂತೋ ಎಂಬುದನ್ನು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಆ ಜಾಗವನ್ನು ಬೇರೆ ಬೇರೆ ಮನೆಗಳ ಮಕ್ಕಳಿಗೆ ಕೊಟ್ಟು ನೋಡಿದರೆ ಮಾತ್ರ ತಿಳಿದೀತು.

ಹಾಗೆ ಕೊಟ್ಟು ನೋಡಿದ ನಿದರ್ಶನವು ನಮ್ಮ ನಾಡಿನ ಮಠಗಳ ಚರಿತ್ರೆಯಲ್ಲಿಯೇ ಇದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಹಾನಗಲ್ಲ ಸೀಮೆಯ ಗದಿಗೆಯ್ಯನೆಂಬ ಕುರುಡು ಬಾಲಕನನ್ನು ಕರೆತಂದು ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಕಣ್ಣಿಲ್ಲದ ಬಡಹುಡುಗನ ಮೇಲೆ ಲೋಕದ ತೀರ್ಪು ಏನಾಗಿತ್ತೆಂದು ಹೇಳಬೇಕಾಗಿಲ್ಲ. ಆ ಬಾಲಕನೇ ಮುಂದೆ ಕರ್ನಾಟಕ, ಹಿಂದುಸ್ಥಾನಿ ಎಂಬ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾಗಿ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಕೀರ್ತಿ ಪಡೆದರು. ತಮಗೆ ದೊರೆತ ಜಾಗವನ್ನು ಅವರು ತಮಗಾಗಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ಬಡಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆಯನ್ನು ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಯಿಸಿದರು. ಅದೇ ವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತ್ತು. ಹಿಂದುಸ್ಥಾನಿ ಗಾಯನದಲ್ಲಿ ಹೆಸರಾದ ಬಸವರಾಜ ರಾಜಗುರುಗಳೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ.

ಕುರುಡರಿಗೆ ದೇವರು ಕಿವಿಯನ್ನು ಹೆಚ್ಚಾಗಿ ಕೊಟ್ಟಿರುತ್ತಾನೆಂದು ಜನರು ಹೇಳುವುದುಂಟು. ಕಣ್ಣಿಗೆ ಮೀಸಲಾದ ಮಿದುಳಿನ ಭಾಗವು ಕುರುಡರಲ್ಲಿ ಸುಮ್ಮನೆ ಬೀಳಾಗಿರುವುದಿಲ್ಲವೆಂಬುದು ನಿಜ. ಬೆರಳಿನಿಂದ ಬ್ರೈಲ್ ಲಿಪಿಯನ್ನು ಓದುವಾಗ ಆ ಭಾಗವೂ ದುಡಿಯುತ್ತದೆಂದು 1996ರಲ್ಲಿ ಸಡಾಟೋ ಎಂಬ ಜಪಾನಿನ ಪಂಡಿತನೂ ಅವನ ಸಂಗಡಿಗರೂ ತೋರಿಸಿದರು. ಆದರೆ ಕಣ್ಣು ಹೋದ ಮಾತ್ರದಿಂದಲೇ ಯಾರೂ ಗವಾಯಿಗಳಾಗಲಿಲ್ಲ. ನಾಡಿನಲ್ಲಿ ಕುರುಡರು ಎಷ್ಟೋ ಮಂದಿ ಇದ್ದರು. ಗುರುವಿನ ಎದುರಿನಲ್ಲಿ ಚಾಪೆಯ ಮೇಲೊಂದು ಜಾಗ ದೊರೆತವರು ಕೆಲವರೇ. ಆ ಜಾಗವು ಸಿಕ್ಕದೆ ಹೋಗಿದ್ದರೆ ಗದಿಗೆಯ್ಯನು ಯಾವ ಊರಿನ ಯಾವ ಕಟ್ಟೆಯ ಮೇಲೆ ಕುಳಿತಿರುತ್ತಿದ್ದನೋ ಎಂದು ನೆನೆದರೆ ಎದೆ ನಡುಗುತ್ತದೆ. ಹಾಗೆ ಕುಳಿತೇ ಹೋದವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಹಾಗೆಂದು ಎಲ್ಲವೂ ಅಭ್ಯಾಸದಿಂದಲೇ ಸಾಧ್ಯವೆಂದು ನಾನು ಹೇಳಿದರೆ ಅದು ಇನ್ನೊಂದು ತೆರನ ಅನ್ಯಾಯವಾದೀತು. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರ ಎಂಬ ವಿದುಷಿಯೂ ಸಂಗಡಿಗರೂ ಅದುವರೆಗಿನ ಪರಿಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಒಬ್ಬರಿಗೂ ಇನ್ನೊಬ್ಬರಿಗೂ ಕೌಶಲದಲ್ಲಿ ಕಾಣುವ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕವಾದ ಅಭ್ಯಾಸದ ಪಾಲು, ಚದುರಂಗದಂತಹ ಆಟಗಳಲ್ಲಿ ನೂರಕ್ಕೆ 26, ಸಂಗೀತದಲ್ಲಿ 21, ಕ್ರೀಡೆಗಳಲ್ಲಿ 18, ವಿದ್ಯಾಭ್ಯಾಸದಲ್ಲಿ 4 ಮಾತ್ರವೆಂದು ಕಂಡುಬಂದಿತು. ಉಳಿದುದರಲ್ಲಿ ಹುಟ್ಟಿನ ಪಾಲುಂಟು, ಪ್ರಾರಂಭಿಸಿದ ವಯಸ್ಸಿನ ಪಾಲುಂಟು, ಇನ್ನೂ ಅಳತೆಗೆ ಸಿಕ್ಕದ ಕಾರಣಗಳುಂಟು. ಆದುದರಿಂದ ಶ್ರಮಪಟ್ಟೂ ಹಿಂದೆ ಬಿದ್ದ ಮಗುವನ್ನು "ನೀನು ಸಾಕಷ್ಟು ದುಡಿಯಲಿಲ್ಲ" ಎಂದು ಗದರಿಸುವುದು, ದುಡಿಯುವ ಅವಕಾಶವನ್ನೇ ಕೊಡದೆ "ನಿನ್ನಿಂದಾಗದು" ಎನ್ನುವಷ್ಟೇ ತಪ್ಪು. ಎಲ್ಲ ಬೀಜವೂ ಒಂದೇ ಎತ್ತರಕ್ಕೆ ಬೆಳೆಯುವುದಿಲ್ಲ. ಆದರೆ ಬಿತ್ತದೆ ಯಾವ ಬೀಜದ ಎತ್ತರವನ್ನೂ ಅಳೆಯಲಾಗದು.

ಕಡೆಯದಾಗಿ ಸಂತೋಷದ ವಿಷಯ. ಇಷ್ಟೆಲ್ಲ ಕಲಿಯುವುದು ಸುಖಕ್ಕಾಗಿಯಲ್ಲವೇ ಎಂದು ನೀವು ಕೇಳಬಹುದು. ಅಮೆರಿಕಾದ ಇಲಿನಾಯ್ ಸಂಸ್ಥಾನದಲ್ಲಿ ಲಾಟರಿಯಲ್ಲಿ ದೊಡ್ಡ ಹಣ ಗೆದ್ದ 22 ಮಂದಿಯನ್ನು ಬ್ರಿಕ್‌ಮನ್ ಎಂಬಾತನೂ ಸಂಗಡಿಗರೂ ವಿಚಾರಿಸಿ 1978ರಲ್ಲಿ ಪ್ರಕಟಿಸಿದರು. ಗೆದ್ದವರ ಸಂತೋಷವು ಗೆಲ್ಲದ ನೆರೆಯವರಿಗಿಂತ ಗಣನೀಯವಾಗಿ ಹೆಚ್ಚಾಗಿರಲಿಲ್ಲ. ಅಷ್ಟೇ ಅಲ್ಲ, ಗೆಳೆಯನೊಡನೆ ಮಾತು, ಬೆಳಗಿನ ಉಪಾಹಾರ ಮೊದಲಾದ ದಿನನಿತ್ಯದ ಚಿಕ್ಕ ಸುಖಗಳು ಅವರಿಗೆ ಸಪ್ಪೆಯಾಗಿದ್ದವು. ಇದನ್ನು ನಾವೇ ಪರೀಕ್ಷಿಸಿ ನೋಡಬಹುದು. ನಮ್ಮ ಇದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ 2025ರ ಜುಲೈ ತಿಂಗಳಲ್ಲಿ ತೆರೆಯಿತು. ಅದಕ್ಕೆ ಮೊದಲು ದಶಕಗಳ ಕಾಲ ತುಮರಿಯ ಕಡೆಯವರು ಲಾಂಚನ್ನು ಕಾದು ದಾಟಬೇಕಾಗಿತ್ತು. ಸೇತುವೆಯನ್ನು ಮೊದಲ ದಿನ ದಾಟಿದಾಗಿನ ಹಿಗ್ಗು ನೂರನೆಯ ದಿನ ಇರಲಾರದು. ಹಿಗ್ಗು ಆರಿತೆಂದು ಸೇತುವೆ ನಿಷ್ಪ್ರಯೋಜಕವಾಯಿತೇ? ಇಲ್ಲ. ಮನಸ್ಸು ಒಗ್ಗಿಕೊಂಡಿತು, ಅಷ್ಟೆ. ದೊರೆತುದರ ಬೆಲೆಯನ್ನು ನಮ್ಮ ಹಿಗ್ಗಿನಿಂದ ಅಳೆಯಬಾರದೆಂಬುದು ಇದರ ನೀತಿ.

ಆದರೆ ಒಗ್ಗಿಕೊಳ್ಳುವ ಈ ತತ್ತ್ವವನ್ನು ಎಲ್ಲ ದುಃಖಕ್ಕೂ ಅನ್ವಯಿಸುವುದು ಕ್ರೌರ್ಯ. ಜರ್ಮನಿಯಲ್ಲಿ ಸಾವಿರಾರು ಜನರನ್ನು ವರ್ಷವರ್ಷವೂ ವಿಚಾರಿಸುತ್ತ ಬಂದುದರಿಂದ ತಿಳಿದ ಸಂಗತಿಯೊಂದು 2004ರಲ್ಲಿ ಪ್ರಕಟವಾಯಿತು. ಕೆಲಸವನ್ನು ಕಳೆದುಕೊಂಡವರ ನೆಮ್ಮದಿಯು, ಮರಳಿ ಕೆಲಸ ದೊರೆತ ಮೇಲೆಯೂ, ಒಟ್ಟಿನಲ್ಲಿ ಹಿಂದಿನ ಮಟ್ಟಕ್ಕೆ ಪೂರ್ಣವಾಗಿ ಏರಲಿಲ್ಲ. ಈ ನೀರಿನ ಅಡಿಯಲ್ಲಿ ಮನೆ, ಗದ್ದೆ, ತೋಟಗಳನ್ನು ಬಿಟ್ಟು ಎದ್ದು ಹೋದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೂ ಇದ್ದೀರಿ. ಮುಳುಗಡೆಯಾಗಿ ದಶಕಗಳು ಕಳೆದರೂ ಎಷ್ಟೋ ಕುಟುಂಬಗಳ ಜಮೀನಿನ ಹಕ್ಕುಪತ್ರದ ವ್ಯಾಜ್ಯ ಮುಗಿಯಲಿಲ್ಲ. ಅಂತಹವರಿಗೆ "ಕಾಲವೇ ಮರೆಸುತ್ತದೆ, ಸಂತೋಷವು ಮನಸ್ಸಿನಲ್ಲಿದೆ" ಎಂದು ಉಪದೇಶ ಮಾಡುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಅವರಿಗೆ ಬೇಕಾದುದು ನ್ಯಾಯ.

ಹಾಗಾದರೆ ದಿನದ ಬಾಳಿನಲ್ಲಿ ಸಂತೋಷ ಎಲ್ಲಿದೆ? 2010ರಲ್ಲಿ ಹಾರ್ವರ್ಡಿನ ಕಿಲ್ಲಿಂಗ್ಸ್‌ವರ್ತ್, ಗಿಲ್ಬರ್ಟ್ ಎಂಬ ಇಬ್ಬರು 2,250 ಮಂದಿ ಪ್ರಾಯಸ್ಥರನ್ನು, ಅವರ ಕೈಯಲ್ಲಿರುವ ದೂರವಾಣಿಯ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರಿಸಿ, "ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಎಲ್ಲಿದೆ? ಎಷ್ಟು ಸಂತೋಷವಾಗಿದ್ದೀರಿ?" ಎಂದು ಕೇಳಿದರು. ನೂರಕ್ಕೆ ಸುಮಾರು 47 ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿರಲಿಲ್ಲ. ಹಾಗೆ ಅಲೆಯುತ್ತಿದ್ದಾಗ ಅವರು ಕಡಮೆ ಸಂತೋಷದಲ್ಲಿದ್ದರು. ಮಾಡುವ ಕೆಲಸ ಯಾವುದೆಂಬುದಕ್ಕಿಂತ ಮನಸ್ಸು ಅದರಲ್ಲಿದೆಯೇ ಎಂಬುದರಿಂದಲೇ ಅವರ ಸಂತೋಷವು ಹೆಚ್ಚಾಗಿ ತಿಳಿಯಬರುತ್ತಿತ್ತು. ಕಾಯಕದಲ್ಲಿ ಮನಸ್ಸಿಟ್ಟು ಬಾಳಿದ ಶರಣರ ಪರಂಪರೆಯಲ್ಲಿ ಬೆಳೆದ ನಿಮಗೆ ಇದು ಹೊಸತೆನಿಸದು. ಉಳಿಯ ತುದಿಯಲ್ಲಿ ಕಣ್ಣಿಟ್ಟ ಹುಡುಗನನ್ನೋ, ನೀರಿನ ಮೇಲೆ ಮೊದಲ ಸಲ ತೇಲಿದ ಹುಡುಗಿಯನ್ನೋ ನೋಡಿರಿ. ಅವರ ಮುಖದಲ್ಲಿ ಕಾಣುವುದು ಬಹುಮಾನದ ಆಸೆಯಲ್ಲ. ಬಾರದುದು ಬಂದಿತೆಂಬ ಆನಂದ ಅದು. ಈ ಆನಂದಕ್ಕೆ ಪ್ರತಿಭಾವಂತರೇ ಆಗಬೇಕಾಗಿಲ್ಲ, ಕಲಿಯುವವರಾದರೆ ಸಾಕು.

ಮಹನೀಯರೇ, ಸಾಕ್ಷಿಗಳ ವಿಚಾರಣೆ ಮುಗಿಯಿತು. ಎರಡು ಗಾದೆಗಳೂ ಪೂರ್ಣವಾಗಿ ಗೆಲ್ಲಲಿಲ್ಲ, ಪೂರ್ಣವಾಗಿ ಸೋಲಲೂ ಇಲ್ಲ. ಹುಟ್ಟು ನಮ್ಮ ಕೈಯಲ್ಲಿಲ್ಲ. ಕಲಿಸುವ ಕ್ರಮ, ಕಾಯುವ ತಾಳ್ಮೆ, ಕೂರುವ ಜಾಗ, ಇವು ಮೂರು ನಮ್ಮ ಕೈಯಲ್ಲಿವೆ. ಇನ್ನು ಮೇಲೆ ಯಾವ ಮಗುವಿನ ಮೇಲಾದರೂ "ಇದಕ್ಕೆ ಬಾರದು" ಎಂಬ ಮಾತು ನಾಲಗೆಯ ತುದಿಗೆ ಬಂದಾಗ ತಡೆದು ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳೋಣ. ಸರಿಯಾದ ರೀತಿಯಲ್ಲಿ ಕಲಿಸಿದೆವೇ? ಸಾಕಷ್ಟು ದಿನ ಕಾದೆವೇ? ಕೂರಲು ಜಾಗ ಕೊಟ್ಟೆವೇ? ಮೂರಕ್ಕೂ ಹೌದೆಂದು ಎದೆ ಮುಟ್ಟಿ ಹೇಳುವವರೆಗೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ.

ಅನ್ನದಾಸೋಹದ ಜತೆಗೆ ವಿದ್ಯಾದಾಸೋಹವನ್ನೂ ನಡೆಸಿಕೊಂಡು ಬಂದ ಮಠಗಳ ನಾಡು ನಮ್ಮದು. ಪಂಕ್ತಿಯಲ್ಲಿ ಕುಳಿತವನನ್ನು "ನಿನಗೆ ಹಸಿಯುವ ಯೋಗ್ಯತೆಯುಂಟೇ?" ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಎಲೆ ಹಾಕಿ ಬಡಿಸುತ್ತಾರೆ. ವಿದ್ಯೆಯ ಪಂಕ್ತಿಯಲ್ಲಿಯೂ ಹಾಗೆಯೇ ನಡೆದುಕೊಳ್ಳೋಣವೆಂದು ಪ್ರಾರ್ಥಿಸುತ್ತೇನೆ.

ಶುಭಮಸ್ತು.